ಯಾವ ಬ್ರೆಡ್ಡು

ಗ್ರಿಮ್ಸ್‌ಬಿಯ ಶಾಲೆಯಲ್ಲಿ ಜರ್ಮನ್ ಕಲಿಯುವವರು
ಈ ವರ್ಷ ನಾಲ್ಕೇ ಮಂದಿ.
ಪಾಠ ಸಂಗೀತದ ಉಗ್ರಾಣದಲ್ಲಿ,
ಒಡೆದ ಡ್ರಮ್ಮಿನ ಮೇಲೆ ನಿಘಂಟು.

ಮೇಜು ಗಂಡು, ಬಾಗಿಲು ಹೆಣ್ಣು,
ಹುಡುಗಿ ಮಾತ್ರ ನಪುಂಸಕ.
ಯಾಕೆ ಮಿಸ್? ಕೇಳಿದಳು ಟ್ಯಾಮ್ಸಿನ್.
ಹಾಗೇ ಕಣೇ, ಅಂದರು ಮಿಸೆಸ್ ಹೆಬಲ್‌ವೈಟ್,
ವ್ಯಾಕರಣಕ್ಕೆ ಕಣ್ಣಿಲ್ಲ.

ಮೌಖಿಕ ಪರೀಕ್ಷೆಯ ದಿನ. ರೆಕಾರ್ಡರಿನ ಕೆಂಪು ದೀಪ.
ನಿನ್ನಪ್ಪ ಏನು ಕೆಲಸ ಮಾಡುತ್ತಾರೆ?

ಮೀನಿನ ಕಾರ್ಖಾನೆ, ಅದರ ಬೀಗ,
ಎರಡು ವರ್ಷದಿಂದ ಸೋಫಾ, ಆರಿಹೋದ ಚಹಾ:
ಯಾವುದಕ್ಕೂ ಅವಳ ಪಟ್ಟಿಯಲ್ಲಿ ಪದವಿಲ್ಲ.
ಬ್ರೆಡ್ ಸುಡುವವನಿಗೆ ಇತ್ತು.
ಅದನ್ನೇ ಇಟ್ಟಳು.
ಕ್ರಿಯಾಪದ ಎರಡನೆಯ ಜಾಗದಲ್ಲಿ, ಒಂದೂ ತಪ್ಪದೆ:
ಅಪ್ಪ ನಾಲ್ಕಕ್ಕೇ ಏಳುತ್ತಾನೆ. ಕೈತುಂಬ ಹಿಟ್ಟು.
ಶಿಳ್ಳೆ ಹಾಕುತ್ತಾನೆ.
(ಈ ಪದ ಎಲ್ಲಿತ್ತೋ!)

ಎಲ್ಲ ಗೊತ್ತಿದ್ದ ಮಿಸೆಸ್ ಹೆಬಲ್‌ವೈಟ್
ಪೆನ್ನಿನ ಮುಚ್ಚಳ ಹಾಕಿ, ತೆಗೆದು,
ಮುಂದಿನ ಪ್ರಶ್ನೆ ಕೇಳಿದರು:
ಯಾವ ಬ್ರೆಡ್ಡು?

ಮನೆಯಲ್ಲಿ ಅಪ್ಪ ಟಿವಿ ಸದ್ದು ತಗ್ಗಿಸಿದ.
ಏನು ಕೇಳಿದರು?
ನಿನ್ನ ವಿಷಯ.
ಏನಂದೆ?
ಇನ್ನೊಮ್ಮೆ ಹೇಳಿದಳು ಅದನ್ನೆಲ್ಲ,
ಅದೇ ಭಾಷೆಯಲ್ಲಿ, ನಿಧಾನವಾಗಿ.
ಪೂರ್ತಿ ಕೇಳಿಸಿಕೊಂಡ.
ಒಳ್ಳೇದೇ ಹೇಳಿದ ಹಾಗಿದೆ, ಅಂದ.