ತೊರಕೆ

ಇದರ ಡಿಕ್ಕಿ ಮುಂದೆ, ಇಂಜಿನು ಬೆನ್ನಿಗೆ.
ಹಾಗಾಗಿ ಮೀನು ತಣ್ಣಗೆ ಉಳಿಯುತ್ತದೆ.
ಇಟಲಿಯವರು ಅದಕ್ಕೆಂದು ಮಾಡಿದ್ದಲ್ಲ, ಗೊತ್ತು.
ಆದರೂ ಸುಗುಣಳ ಎರಡು ಬುಟ್ಟಿ ಬಂಗುಡೆ, ನಡುವೆ ಐಸು,
ಅಳತೆ ತೆಗೆದ ಹಾಗೆ ಕೂರುತ್ತದೆ.

ಪಣಂಬೂರಿನ ಕಸ್ಟಮ್ಸ್ ಹರಾಜಿನಲ್ಲಿ ಹಿಡಿದದ್ದು.
ತರಿಸಿಕೊಂಡವ ಬಿಡಿಸಲು ಬರಲೇ ಇಲ್ಲವಂತೆ.
ಆರು ಮಳೆಗಾಲ ಕಂಟೇನರಿನೊಳಗೆ ಕೂತು
ಸೀಟಿನಲ್ಲಿ ಇಲಿ ಸಂಸಾರ ಹೂಡಿ, ವಯರು ತಿಂದು ಮುಗಿಸಿತ್ತು.
ಮೂವತ್ತೊಂದು ವರ್ಷ ಟ್ರಾಲ್ ಬೋಟಿನ ಇಂಜಿನು ಬಿಚ್ಚಿದ ಕೈ ನನ್ನದು,
ಪಿಸ್ಟನ್ನಿಗೆ ಯಾವ ಜಾತಿ, ಯಾವ ದೇಶ?
ಮೂರು ವರ್ಷ ಹಿಡಿಯಿತು. ಸುಗುಣ ಎರಡು ಬಳೆ ಕೊಟ್ಟಳು,
ಮೂರನೆಯದನ್ನು ಮಾತ್ರ ಕೇಳಬೇಡಿ ಅಂದಳು.

ಹೊರಗೆ ತಂದ ದಿನ ಮಲ್ಪೆ ದಕ್ಕೆಯಲ್ಲಿ
ಮೀನು ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿ
ಅಲ್ಲೇ ಹೆಸರಿಟ್ಟರು: ತೊರಕೆ.
ಅಗಲ, ಚಪ್ಪಟೆ, ನೆಲಕ್ಕೆ ಹೊಟ್ಟೆ ಒತ್ತಿ ಹೋಗುವಂಥದು.
ಕಂಪನಿ ಇಟ್ಟ ಹೆಸರು ಅವರ ಬಾಯಿಗೆ ಬರಲಿಲ್ಲ,
ನನ್ನ ಬಾಯಿಗೂ.

ಮಲ್ಪೆಯಿಂದ ಕಲ್ಸಂಕಕ್ಕೆ ಹನ್ನೊಂದು ಹಂಪು.
ಕಲ್ಮಾಡಿಯದು ಸಜ್ಜನ.
ಆದಿಉಡುಪಿಯದನ್ನು ಯಾರೋ
ಸೇಡಿನಿಂದ ಹಾಕಿಸಿದ ಹಾಗುಂಟು.
ಅಳಿವೆ ಬಾಯಲ್ಲಿ ತೆರೆಗೆ ಎದುರು ನುಗ್ಗಬಾರದು,
ಓರೆಯಾಗಿ ಏರಬೇಕು, ಒಂದು ಕೆನ್ನೆ ಮೊದಲು, ಇನ್ನೊಂದು ಆಮೇಲೆ:
ಹದಿನಾರರಲ್ಲಿ ಕುಪ್ಪ ತಾಂಡೇಲರು ಕಲಿಸಿದ್ದು
ಈಗ, ಡಾಂಬರಿನ ಮೇಲೆ, ಉಪಯೋಗಕ್ಕೆ ಬಂತು.
ರಸ್ತೆಗೆ ಅಡ್ಡ ಬಿದ್ದು ನಾನು ಹತ್ತುವಾಗ
ಹಿಂದಿನ ಸಿಟಿ ಬಸ್ಸಿನವ ಹಾರ್ನಿಗೆ ಇಟ್ಟ ಕೈ ತೆಗೆಯುವುದಿಲ್ಲ.
ರಿಕ್ಷಾದ ಭೋಜ ಬಗ್ಗಿ, ಇನ್ನೂ ಬಗ್ಗಿ, ಕಿಟಕಿಯೊಳಗೆ:
‘ಎಷ್ಟು ಓಡ್ತದೆ ಮಾರಾಯ್ರೆ ಇದು?’
ಇನ್ನೂರ ತೊಂಬತ್ತು ಅಂತ ಬರೆದುಂಟು.
‘ಅಲ್ಲ, ಲೀಟರಿಗೆ?’
ಐದು.
ಸಾವಿನ ಮನೆಯಿಂದ ಹೊರಡುವವರ ಹಾಗೆ
ಸದ್ದಿಲ್ಲದೆ ರಿಕ್ಷಾ ಮುಂದೆ ಬಿಟ್ಟ.

ಮಣಿಪಾಲದ ಹುಡುಗರು ಮೊಬೈಲು ಎತ್ತಿ ಕಾಯುತ್ತಾರೆ.
ಬಾಗಿಲು ತೆರೆದರೆ ಇಳಿಯುವುದು
ಲುಂಗಿ ಎತ್ತಿ ಕಟ್ಟಿದ, ಮಂಡಿನೋವಿನ ನಾನು:
ಮೊದಲು ಒಂದು ಕಾಲು, ಆಮೇಲೆ ನೆಲಕ್ಕೆ ಕೈ, ಆಮೇಲೆ ದೇವರ ಹೆಸರು.
ಮೊಬೈಲು ಕೆಳಗಿಳಿಯುತ್ತದೆ.

ಹಲ್ಲಿನ ಡಾಕ್ಟರು ಪ್ರಭುಗಳು ಮನೆವರೆಗೂ ಬಂದರು.
ಅವರಲ್ಲಿ ಇಂಥದೇ ಎರಡುಂಟಂತೆ, ಎ.ಸಿ. ಶೆಡ್ಡಿನಲ್ಲಿ,
ಬಟ್ಟೆ ಹೊದಿಸಿ; ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ
ಕೂತು ಕೇಳುತ್ತಾರಂತೆ.
‘ದಿನಾ ಓಡಿಸುವುದಾ? ಈ ಉಪ್ಪುಗಾಳಿಯಲ್ಲಿ? ಮೀನು ಹಾಕಿ?’
ಪಾಪ, ಅಂದರು. ನನಗಲ್ಲ, ಗಾಡಿಗೆ.
ಸುಗುಣ ಚಾ ಇಟ್ಟು ಹೇಳಿದಳು:
‘ನಮ್ಮ ಅಮ್ಮ ಇದ್ದ ಚಿನ್ನ ಹಾಕಿಕೊಂಡೇ ಮೀನು ಕೊಯ್ತಿದ್ದದ್ದು, ಡಾಕ್ಟ್ರೆ.
ಚಿನ್ನಕ್ಕೆ ವಾಸನೆ ಹಿಡಿಯುವುದಿಲ್ಲ.’
ಗಾಡಿಗೆ ಹಿಡಿಯುತ್ತದೆ. ನಾನು ಸುಮ್ಮನಿದ್ದೆ.

ರಾತ್ರಿ ಬಾವಿಯ ಸಿಹಿನೀರಲ್ಲಿ ಅದರ ಹೊಟ್ಟೆ ತೊಳೆಯುತ್ತೇನೆ.
ಅಂಗಾತ ಮಲಗಿ ಬೆರಳಿನಿಂದ ಗೀರು ಓದುತ್ತೇನೆ:
ಇದು ಆದಿಉಡುಪಿ, ಇದು ಭಾವನ ಮಗಳ ಮದುವೆ ಹಾಲು,
ಈ ಉದ್ದದ್ದು, ಬೆರಳು ಇಳಿಯುವಂಥದು,
ಸುಗುಣಳಿಗೆ ಉಸಿರು ಸಿಗದ ರಾತ್ರಿ.
ಅವತ್ತು ಓರೆ ಹೋಗಲಿಲ್ಲ, ಹನ್ನೊಂದನ್ನೂ ನೇರ ದಾಟಿದೆ,
ಹನ್ನೊಂದಕ್ಕೂ ಅದು ಕಿರುಚಿತು.
ಗೇರು ಆರುಂಟು, ಅಲ್ಲಿಯವರೆಗೆ ಮೂರೇ ನೋಡಿದ್ದು.
ಇಂದ್ರಾಳಿ ಏರಿನಲ್ಲಿ ನಾಲ್ಕನೆಯದು ಬಿತ್ತು,
ಬೆನ್ನ ಹಿಂದೆ ಏನೋ ಎಚ್ಚರಾಗಿ ಎದ್ದು ಕೂತಿತು.
ಬಾಯಿ ತೆರೆದು ಗಾಳಿ ಹುಡುಕುತ್ತಿದ್ದವಳು
ನನ್ನ ಮೊಣಕೈ ಹಿಡಿದು
‘ಮೆಲ್ಲ,’ ಅಂದಳು, ‘ಅಡಿ ತಾಗ್ತದೆ.’

ಉಳಿದೆರಡು ಗೇರು ಹಾಗೇ ಉಂಟು.
ನಾಳೆ ಐದಕ್ಕೆ ಬೋಟು ಬರುತ್ತದೆ.
ಬುಟ್ಟಿ ತೊಳೆದು ಕವುಚಿ ಇಟ್ಟಿದ್ದಾಳೆ.