ಶೀಶೆ ನಂಬರ್ ನಲವತ್ತೇಳು

ಕೊಳಾರದ ಫ್ಯಾಕ್ಟರಿಯಿಂದ ಬಂದವಳು
ಮೈ ತೊಳೆಯದೆ ಅಬ್ಬಾನ ಕಾರಖಾನೆಗೆ ಕಾಲಿಡುವಂತಿಲ್ಲ.
ನನ್ನ ದುಪಟ್ಟಾದ ಮಡಿಕೆಯಲ್ಲಿ ಕೂತು ಬರುವ ಗಂಧಕಕ್ಕೆ
ಬೆಳ್ಳಿ ಕಂಡರಾಗದು.
ಹೂದಾನಿಯ ಬಳ್ಳಿ, ಹುಕ್ಕಾದ ಎಲೆ,
ನಾಲ್ಕು ದಿನ ಬಡಿದು ಕೂರಿಸಿದ ತಂತಿ
ಬೆಳಗಾಗುವಷ್ಟರಲ್ಲಿ ಮಂಕು.
"ಮೊದಲ ಬಚ್ಚಲಿಗಿ ಹೋಗು ಬೇಟಿ,"
ತಲೆ ಎತ್ತದೆ ಅನ್ನುತ್ತಾನೆ.

ಗಂಧಕವೆಂದರೆ ಓಣಿಗೆ ಗೊತ್ತಿರುವುದು
ಕಜ್ಜಿಯ ಮುಲಾಮು, ಪಟಾಕಿ, ಕೊಳೆತ ಮೊಟ್ಟೆ.
ಮಾಣಿಕಪ್ಪ ಸರ್‌ಗೆ ಇನ್ನೆರಡು ಹೆಚ್ಚು:
ಸಲ್ಫೋನ್, ಸಲ್ಫೋನಮೈಡ್.
ಸವೆದ ದಾರಿ. ಲಾರಿ ಕಣ್ಣು ಮುಚ್ಚಿ ಓಡುತ್ತದೆ.

ಸಲ್ಫೋನಿನ ಗಂಧಕಕ್ಕೆ ಎರಡು ಆಮ್ಲಜನಕ,
ಒಂದೇ ಅಚ್ಚಿನ ಜೋಡಿ ಓಲೆ.
ನಾನು ಒಂದರ ಜಾಗದಲ್ಲಿ ಸಾರಜನಕ ಕೂರಿಸಿದೆ.
ಸಲ್ಫಾಕ್ಸಿಮೀನ್.
ನಾಲ್ಕು ತೋಳೂ ಬೇರೆ ಬೇರೆ; ಗಂಧಕಕ್ಕೆ
ಅಲ್ಲಿಯವರೆಗಿಲ್ಲದ ಎಡ ಬಲ ಹುಟ್ಟಿತು.
ಮೂರು ತಿಂಗಳು ನೀರಿನಡಿ ಮರಳಾಗಿ ಕೂತಿದ್ದ ಪುಡಿ
ಕರಗಿತು.
ಬೆಳಕಿಗೆ ಹಿಡಿದೆ: ಬರೀ ನೀರು.
ಊಟದ ಗಂಟೆ ಮರೆತೇ ಹೋಯಿತು.

ಇದರ ಮೊದಲ ಸುದ್ದಿ ಕೆಟ್ಟದ್ದೇ, ನಿಜ.
ಎಲ್ಲೋ ದೂರದೇಶದಲ್ಲಿ ಹಿಟ್ಟು ಬೆಳ್ಳಗಾಗಲೆಂದು ಅನಿಲ ಹಾಯಿಸಿದರು.
ತಿಂದ ನಾಯಿಗಳು ಸೆಟೆದು, ದಿಕ್ಕೆಟ್ಟು ಓಡಿದವು.
ಹುಡುಕಿದರೆ ಹಿಟ್ಟಿನೊಳಗೆ ಇದೇ ಮನೆತನದ ಒಂದು ಅಣು.
ಒಬ್ಬನ ತಪ್ಪಿಗೆ ಕುಲವನ್ನೇ ಊರಾಚೆ ಇಟ್ಟಂತೆ
ಎಷ್ಟು ವರ್ಷ ಇಟ್ಟರೋ.

"ಛಲೋ ಅದ ನುಸ್ರತ್," ಎಂದರು ಸರ್.
"ಆದ್ರ ಆರ್ಡರ್ ಇಲ್ಲಲ್ಲ.
ಹೈದರಾಬಾದಿನೋರು ಕೇಳ್ಯಾರ ಸಲ್ಫೋನಮೈಡ್, ಎರಡು ಟನ್."
ಶೀಶೆ ನಲವತ್ತೇಳು,
ಫ್ರಿಡ್ಜಿನ ಕೆಳಗಿನ ತಟ್ಟೆ.

ಈಗ ಅಬ್ಬಾನ ಎದುರು ಕೂತಿದ್ದೇನೆ, ಒದ್ದೆ ಕೂದಲು.
ಕೋಟೆಯ ಮಣ್ಣು ನಾಲಿಗೆಗಿಟ್ಟು ನೋಡಿದ,
ಉಗುಳಿದ, ಇನ್ನೊಂದು ಚೀಲದಿಂದ ಚಿಟಿಕೆ.
ಕುದಿವ ನೀರಿಗೆ ಮಣ್ಣು, ನವಸಾಗರ.
ಮೂಗು ಉರಿಯಿತು. ಗುರುತಿನ ಉರಿ.
ನನ್ನ ಫ್ಲಾಸ್ಕಿಗೆ ಸಾರಜನಕ ಕೊಟ್ಟದ್ದು
ಇದರದೇ ದಾಯಾದಿ ಉಪ್ಪು.
ಹೇಳಿದೆ.
"ಹೌದೇನು?" ಎಂದ, ಹೂದಾನಿ ಮುಳುಗಿಸಿದ.
ಜಸ್ತ ಕಪ್ಪಾಗುತ್ತ ಹೋಯಿತು,
ಬೆಳ್ಳಿ ಇದ್ದ ಹಾಗೇ.

"ಎಡದ್ಯಾವುದು ಬಲದ್ಯಾವುದು, ಹ್ಯಾಂಗ ತಿಳೀತದ?"
"ಇನ್ನಾ ಬ್ಯಾರೆ ಮಾಡಿಲ್ಲ. ಆ ಕಾಲಂ ತುಟ್ಟಿ, ಅಬ್ಬಾ."
ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ,
ಎರಡೂ ಮಸಿ.
"ಮನಿಗಿ ಮಾತ್ರ ತರಬ್ಯಾಡ ಅದನ್ನ."

ಬೆಳಿಗ್ಗೆ ನೋಡಿದರೆ ತೇವಕ್ಕೆ ಚೀಟಿ ಕಳಚಿತ್ತು.
ಮತ್ತೆ ಬರೆದೆ: ತಾರೀಖು, ತೂಕ,
ಎಡ ಬಲ ಕೂಡಿಯೇ ಇವೆ,
ಎಸೆಯಬೇಡಿ.