ಮೀನಿಲ್ಲದ ತಿಂಗಳು

ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತು ಹದಿನೇಳು ದಿನ.
ಮಲ್ಪೆಯಲ್ಲಿ ಯಾರ ಬಾಣಲೆಗೂ ಬಂಗುಡೆಯಿಲ್ಲ.
ಆದರೂ ಸುಗಂಧಿಯಕ್ಕನಿಗೆ ಅಡುಗೆಮನೆಯಲ್ಲಿ
ಮೀನು ನಾರಿತು.

"ಬಾಯಿಚಪಲ ಮೂಗಿಗೇರಿದೆ" ಮಗಳು ನಕ್ಕಳು.
ಬುಟ್ಟಿ ಹೊತ್ತು ಮೂವತ್ತು ವರ್ಷ.
ನಿನ್ನೆಯದ್ದು ಯಾವುದು, ಐಸಿನದ್ದು ಯಾವುದು
ಬಿಡಿಸಿ ಹೇಳುವ ಮೂಗು ಅದು.
ಇದು ಬೂತಾಯಿ ಅಲ್ಲ, ನಂಗ್ ಅಲ್ಲ,
ಕಡಲಿನದ್ದೇ ಅಲ್ಲ.

ಗೋಡೆಗೆ ಮೂಗು ತಾಗಿಸಿಕೊಂಡೇ ನಡೆದಳು:
ಕ್ಯಾಲೆಂಡರ್, ಕನ್ನಡಿ, ಫ್ರಿಜ್ಜಿನ ಬೆನ್ನು.
ಅಲ್ಲಿ ಪ್ಲಗ್ಗಿನ ಸುತ್ತ ಚಹಾದ ಬಣ್ಣ,
ಮುಟ್ಟದೆಯೂ ಕೆನ್ನೆಗೆ ಬಿಸಿ.

ಮೇನ್ ಸ್ವಿಚ್ಚು ಇಳಿಸಿದಳು.

ಸಂಜೆ ವಲೇರಿಯನ್ ಬಿಚ್ಚಿ ತೋರಿಸಿದ:
ಉಪ್ಪುಗಾಳಿಗೆ ಹಸಿರು ಹಿಡಿದ ತಂತಿ, ಕರಗಿದ ಸಾಕೆಟ್ಟು.
"ಹೇಗೆ ಗೊತ್ತಾಯಿತಕ್ಕ?"

ಕತ್ತಲಲ್ಲಿ ಆಕೆ ಹೇಳಿದಳು:
"ತಾಜಾ ಇರಲಿಲ್ಲ."